ಹತ್ತು ಸೆಂಟಿನ ತೆರಿಗೆ ಇನ್ನೂ ಹತ್ತು ವರ್ಷ: ಹೂಂ ಅನ್ನಬೇಕಾ, ಬೇಡ್ವಾ?

ಓದುಗರ ಪ್ರಶ್ನೆ

ನಮಸ್ಕಾರ ಸರ್. ನಾವು ಅಮೆರಿಕಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಕಳೆದ ವರ್ಷ ಪೌರತ್ವ ಸಿಕ್ಕಿತು, ಈ ನವೆಂಬರಿನಲ್ಲಿ ಮೊದಲ ಸಲ ಮತ ಹಾಕುತ್ತೇನೆ. ಮತಪತ್ರದ ಕೊನೆಯಲ್ಲಿ ನಮ್ಮ ಕೌಂಟಿಯ, ಅಂದರೆ ಇಲ್ಲಿಯ ಜಿಲ್ಲೆಯ, ಇಂಧನ ತೆರಿಗೆಯ ಪ್ರಶ್ನೆ ಇದೆ. ಗ್ಯಾಲನ್‌ಗೆ 10 ಸೆಂಟ್. ಶುರು ಮಾಡಿದಾಗ "ಹತ್ತೇ ವರ್ಷ, ಆಮೇಲೆ ನಿಂತುಹೋಗುತ್ತೆ" ಅಂದಿದ್ದರು. ಈಗ ಇನ್ನೂ ಹತ್ತು ವರ್ಷ ಮುಂದುವರಿಸಬೇಕು ಅಂತಿದ್ದಾರೆ. ರಸ್ತೆ, ಬಸ್ಸು ಎಲ್ಲದಕ್ಕೂ ಬೇಕಂತೆ.

ನಾನು ವಯಸ್ಸಾದವರ ಮನೆಗಳಿಗೆ ಹೋಗಿ ಅವರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ವರ್ಷಕ್ಕೆ 15,000 ಮೈಲಿ ಕಾರು ಓಡಿಸುತ್ತೇನೆ. ಹಳೇ ಕಾರು, ಗ್ಯಾಲನ್‌ಗೆ 25 ಮೈಲಿ ಕೊಟ್ಟರೆ ಹೆಚ್ಚು. ಪಕ್ಕದ ಮನೆಯವರದು ಎಲೆಕ್ಟ್ರಿಕ್ ಕಾರು, ಅವರು ಒಂದು ಸೆಂಟೂ ಕೊಡುವುದಿಲ್ಲ. ಹತ್ತು ವರ್ಷ ತೆರಿಗೆ ಕೊಟ್ಟರೂ ನಮ್ಮ ಮನೆ ಮುಂದಿನ ರಸ್ತೆಗೆ ತೇಪೆ ಬಿಟ್ಟರೆ ಬೇರೇನೂ ಆಗಿಲ್ಲ. ನಮ್ಮ ಯಜಮಾನರು "ಗ್ಯಾಸ್ ರೇಟು ಏರಿದಾಗಲೆಲ್ಲ ಕೌಂಟಿಗೆ ಹಬ್ಬ" ಅಂತಾರೆ (ಇಲ್ಲಿ ಪೆಟ್ರೋಲಿಗೇ ಗ್ಯಾಸ್ ಅನ್ನುವುದು). ಪಕ್ಕದ ಕೌಂಟಿಯಲ್ಲಿ ಈ ತೆರಿಗೆ ಇಲ್ಲ, ಪರಿಚಯದವರು ಅಲ್ಲಿಗೇ ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬರುತ್ತಾರೆ. ನಾನು ಹೂಂ ಅನ್ನಬೇಕಾ, ಬೇಡ್ವಾ?

ಉತ್ತರ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದುಡ್ಡಿನ ಚಿಂತೆಗಿಂತ "ಕೊಟ್ಟ ಮಾತಿಗೆ ತಪ್ಪಿದರಲ್ಲ" ಅನ್ನುವ ಬೇಸರವೇ ಅದರಲ್ಲಿ ಜಾಸ್ತಿ ಇದೆ. ಆ ಬೇಸರ ಸಹಜ. ಸ್ಥಳೀಯ ಸರ್ಕಾರಗಳ ಸಾರಿಗೆ ಖರ್ಚಿನ ಲೆಕ್ಕ ಬರೆಯುತ್ತಾ ಇಪ್ಪತ್ತು ವರ್ಷ ಕಳೆದವನು ನಾನು. ಇಂಥ ಮತದಾನ ಬಂದಾಗಲೆಲ್ಲ ಜನ ಸೆಂಟ್ ಎಣಿಸುತ್ತಾರೆ. ಮುಖ್ಯ ವಿಷಯ ಇರುವುದು ಠರಾವಿನ ಸಣ್ಣ ಅಕ್ಷರಗಳಲ್ಲಿ. ಎಷ್ಟು ವರ್ಷ? ಯಾವುದಕ್ಕೆ? ಈ ತೆರಿಗೆಯನ್ನು ತೋರಿಸಿ ಸಾಲ ಎತ್ತುತ್ತಾರಾ?

ಮೊದಲು ನಿಮ್ಮ ಜೇಬಿನ ಲೆಕ್ಕ ಮುಗಿಸೋಣ. 15,000 ಮೈಲಿಗೆ 600 ಗ್ಯಾಲನ್ ಬೇಕು. ಗ್ಯಾಲನ್‌ಗೆ 10 ಸೆಂಟ್ ಅಂದರೆ ವರ್ಷಕ್ಕೆ 60 ಡಾಲರ್, ತಿಂಗಳಿಗೆ 5. ಸಣ್ಣ ಮೊತ್ತ ಅಂತ ತಳ್ಳಿಹಾಕುವುದಿಲ್ಲ. ದಿನವಿಡೀ ಕಾರಿನಲ್ಲೇ ಓಡಾಡಿ ದುಡಿಯುವವರಿಗೆ ಪ್ರತಿ ಡಾಲರಿಗೂ ಲೆಕ್ಕವಿದೆ. ಆದರೆ ಒಂದು ವಿಷಯ ಗಮನಿಸಿ. ಈ 60 ಡಾಲರನ್ನು ನೀವು ಈಗಾಗಲೇ ಕೊಡುತ್ತಿದ್ದೀರಿ. ನೀವು ಹೂಂ ಅಂದರೆ ಮರುದಿನ ಗ್ಯಾಸ್ ಬೆಲೆ ಏರುವುದಿಲ್ಲ. ಹೊಸ ತೆರಿಗೆ ಹಾಕುವುದಕ್ಕೂ ಇರುವ ತೆರಿಗೆಯನ್ನು ಮುಂದುವರಿಸುವುದಕ್ಕೂ ಇರುವ ವ್ಯತ್ಯಾಸ ಇದೇ.

ಬೇಡ ಅಂದರೆ 10 ಸೆಂಟ್ ಪೂರ್ತಿ ಇಳಿಯುತ್ತದಾ? ಖಂಡಿತ ಅಂತ ಹೇಳಲಾರೆ. 2000ನೇ ಇಸವಿಯಲ್ಲಿ ಗ್ಯಾಸ್ ತುಟ್ಟಿಯಾದಾಗ ಇಲಿನಾಯ್ ಮತ್ತು ಇಂಡಿಯಾನ ರಾಜ್ಯಗಳು ತಮ್ಮ 5 ಪರ್ಸೆಂಟ್ ಮಾರಾಟ ತೆರಿಗೆಯನ್ನು ಕೆಲವು ತಿಂಗಳು ನಿಲ್ಲಿಸಿದವು. ಪಂಪಿನಲ್ಲಿ ಬೆಲೆ ಇಳಿದದ್ದು ಸುಮಾರು 3 ಪರ್ಸೆಂಟ್. ತೆರಿಗೆ ಮತ್ತೆ ಬಂದಾಗ ಏರಿದ್ದು ಸುಮಾರು 4. ಅಂದರೆ ತೆರಿಗೆ ತೆಗೆದರೆ ಬಹುಪಾಲು ನಿಮ್ಮ ಕೈಗೆ ಬರಬಹುದು, ಪೂರ್ತಿ ಬರುತ್ತದೆ ಅಂತ ನಂಬಿ ಕೂರಬೇಡಿ. ನೀವು ಪರೀಕ್ಷಿಸಿ ನೋಡುವುದೂ ಕಷ್ಟ. ತೆರಿಗೆ ವಸೂಲಾಗುವುದು ಪಂಪಿಗಿಂತ ಹಿಂದೆ, ಇಂಧನ ಮಾರುವ ಸಂಸ್ಥೆಗಳಿಂದ. ನಿಮ್ಮ ರಸೀದಿಯಲ್ಲಿ ಕೌಂಟಿಯ ಪಾಲು ಅಂತ ಬೇರೆ ಸಾಲು ಇರುವುದಿಲ್ಲ.

ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಊರಿನ ಅನುಭವದಿಂದ ನೋಡಿದರೆ ಅವರ ಅನುಮಾನ ಸಹಜವೇ. ಕರ್ನಾಟಕದಲ್ಲಿ ಪೆಟ್ರೋಲಿನ ಮಾರಾಟ ತೆರಿಗೆ ಪರ್ಸೆಂಟ್ ಲೆಕ್ಕದಲ್ಲಿದೆ, ಬೆಲೆ ಏರಿದರೆ ತೆರಿಗೆಯೂ ಏರುತ್ತದೆ. ನಿಮ್ಮ ಕೌಂಟಿಯದು ಹಾಗಲ್ಲ. ಗ್ಯಾಸ್ 3 ಡಾಲರ್ ಇದ್ದರೂ 10 ಸೆಂಟ್, 5 ಡಾಲರ್ ಆದರೂ 10 ಸೆಂಟ್. ಬೆಲೆ ಏರಿದರೆ ಜನ ಓಡಾಟ ಕಡಿಮೆ ಮಾಡುತ್ತಾರೆ, ಮಾರಾಟ ಇಳಿಯುತ್ತದೆ, ಕೌಂಟಿಗೆ ಬರುವುದೂ ಇಳಿಯುತ್ತದೆ. ಹಬ್ಬ ದೂರದ ಮಾತು.

ಈಗ "ಹತ್ತೇ ವರ್ಷ" ಅಂದ ಆ ಮಾತು. ಗಡುವು ಇಟ್ಟ ತೆರಿಗೆಗಳು ಅಮೆರಿಕದಲ್ಲಿ ತುಂಬಾ ಇವೆ. ಜನರಿಂದ ಒಪ್ಪಿಗೆ ಪಡೆಯಲು ಗಡುವು ಬೇಕು, ರಸ್ತೆಗೆ ಮಾತ್ರ ಗಡುವು ಇಲ್ಲ. ಶುರುವಿನಲ್ಲೇ "ಹತ್ತು ವರ್ಷ ಆದಮೇಲೆ ನಿಮ್ಮನ್ನು ಮತ್ತೆ ಕೇಳುತ್ತೇವೆ" ಅಂದಿದ್ದರೆ ಅದು ಪ್ರಾಮಾಣಿಕವಾಗಿರುತ್ತಿತ್ತು. "ನಿಂತುಹೋಗುತ್ತೆ" ಅಂದದ್ದು ತಪ್ಪು. ಇಂಥ ಪ್ರಚಾರದ ಕರಪತ್ರಗಳನ್ನು ನಾನೂ ತಿದ್ದಿ ಕೊಟ್ಟಿದ್ದೇನೆ. ಆಗ ಆ ಒಂದು ಪದವನ್ನು ಹೊಡೆದುಹಾಕದೆ ಬಿಟ್ಟದ್ದಕ್ಕೆ ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಆದರೂ ನಿಮ್ಮ ಕೌಂಟಿ ಗಡುವು ಮುಗಿಯುವ ಹೊತ್ತಿಗೆ ಜನರ ಮುಂದೆ ಬಂದಿದೆ. ಕೌಂಟಿಯ ಆಡಳಿತ ನಡೆಸುವ ಚುನಾಯಿತ ಸಮಿತಿ, ಅಂದರೆ ಕಮಿಷನ್ನಿನವರು, ಜನರನ್ನು ಕೇಳದೆ ತಾವೇ ಕೈ ಎತ್ತಿ ಮುಗಿಸಿಬಿಡಬಹುದಾದ ಕಡೆಗಳೂ ಇವೆ. ಫ್ಲೋರಿಡಾದಲ್ಲಿ ಕೌಂಟಿ ಕಮಿಷನ್‌ಗಳು ಸ್ಥಳೀಯ ಇಂಧನ ತೆರಿಗೆಯನ್ನು ತಮ್ಮ ಸಭೆಯ ಮತದಿಂದಲೇ ಹಾಕಬಹುದು.

ನಿಮ್ಮ ಮನೆ ಮುಂದಿನ ರಸ್ತೆ

ನೀವು ಬರೆದದ್ದರಲ್ಲಿ ನನಗೆ ತುಂಬಾ ಮುಖ್ಯ ಅನಿಸಿದ್ದು ಇದು. ಹತ್ತು ವರ್ಷ ದುಡ್ಡು ಕೊಟ್ಟವರು ಬಾಗಿಲು ತೆಗೆದರೆ ಕಾಣುವುದು ತೇಪೆ ಅಂದರೆ, ಅವರಿಗೆ ಯಾವ ಅಂಕಿ ತೋರಿಸಿ ಏನು ಉಪಯೋಗ ಹೇಳಿ?

ಮೊದಲು ಆ ರಸ್ತೆ ಯಾರದು ಅಂತ ವಿಚಾರಿಸಿ. ಅಮೆರಿಕದಲ್ಲಿ ಒಂದೇ ಬಡಾವಣೆಯ ಅಕ್ಕಪಕ್ಕದ ರಸ್ತೆಗಳಿಗೂ ಬೇರೆ ಬೇರೆ ಒಡೆಯರು. ಒಂದು ರಾಜ್ಯದ್ದು, ಒಂದು ಕೌಂಟಿಯದು, ಒಂದು ನಗರದ್ದು, ಇನ್ನೊಂದು ಮನೆಮಾಲೀಕರ ಸಂಘದ್ದು. ಕೌಂಟಿಯ ತೆರಿಗೆ ಸಂಘದ ಖಾಸಗಿ ರಸ್ತೆಗೆ ಸಾಮಾನ್ಯವಾಗಿ ಬರುವುದಿಲ್ಲ. ನಿಮ್ಮದು ನಗರದ ರಸ್ತೆಯಾಗಿದ್ದರೆ, ವಸೂಲಾದದ್ದರಲ್ಲಿ ನಗರಕ್ಕೆ ಎಷ್ಟು ಪಾಲು ಅನ್ನುವುದು ಕೌಂಟಿ ಮತ್ತು ನಗರದ ಒಪ್ಪಂದದಲ್ಲಿ ಇರುತ್ತದೆ.

ರಸ್ತೆ ಕೌಂಟಿಯದೇ ಆಗಿದ್ದರೆ ಇನ್ನೊಂದು ಕಾರಣ ಇರಬಹುದು. ಅದನ್ನು ನಾನು ಕಣ್ಣಾರೆ ನೋಡಿ ಕಲಿತದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಎಂಜಿನಿಯರ್ ಒಬ್ಬರು ನನ್ನನ್ನು ರಸ್ತೆಗೆ ಕರೆದೊಯ್ದರು. ಯಂತ್ರದಿಂದ ಕೊರೆದು ಡಾಂಬರಿನ ಒಂದು ತುಂಡು ಹೊರತೆಗೆದರು, ತೋಳಿನಷ್ಟು ದಪ್ಪ. ಮೇಲಿನಿಂದ ನೋಡಿದರೆ ರಸ್ತೆ ಚೆನ್ನಾಗಿಯೇ ಇತ್ತು, ಕೂದಲೆಳೆಯಂಥ ಒಂದು ಬಿರುಕು ಅಷ್ಟೆ. ತುಂಡನ್ನು ಕೈಯಲ್ಲಿ ತಿರುಗಿಸಿದರೆ ಬಿರುಕು ತಳದವರೆಗೂ ಇಳಿದಿತ್ತು. ತಳದ ಜಲ್ಲಿ ಒದ್ದೆಯಾಗಿತ್ತು, ಬೆರಳಿನಿಂದ ಒತ್ತಿದರೆ ಉದುರುತ್ತಿತ್ತು. "ಈ ಬಿರುಕನ್ನು ಎರಡು ವರ್ಷದ ಹಿಂದೆ ಮುಚ್ಚಿದ್ದರೆ ಒಂದು ದಿನದ ಕೆಲಸ. ಈಗ ಇಡೀ ರಸ್ತೆ ಅಗೆಯಬೇಕು" ಅಂದರು.

ಡಾಂಬರು ರಸ್ತೆಯ ಸ್ವಭಾವವೇ ಹಾಗೆ. ಬಹಳ ವರ್ಷ ಚೆನ್ನಾಗಿಯೇ ಇರುತ್ತದೆ. ಆಮೇಲೆ ನೀರು ತಳಕ್ಕೆ ಇಳಿದದ್ದೇ ತಡ, ಕೆಲವೇ ವರ್ಷದಲ್ಲಿ ಮೊಸಳೆ ಚರ್ಮದ ಹಾಗೆ ಬಿರಿದು ಗುಂಡಿ ಬೀಳುತ್ತದೆ. ಸಮಯಕ್ಕೆ ಬಿರುಕು ಮುಚ್ಚಿ ಮೇಲ್ಪದರ ಹಾಕಿದರೆ ಆಗುವ ಖರ್ಚಿಗೆ ಹೋಲಿಸಿದರೆ ಪೂರ್ತಿ ಅಗೆದು ಕಟ್ಟುವುದು ಹಲವು ಪಟ್ಟು ದುಬಾರಿ. ಅದಕ್ಕೇ ಎಂಜಿನಿಯರುಗಳು ರಸ್ತೆಗಳಿಗೆ 0ಯಿಂದ 100ರವರೆಗೆ ಅಂಕ ಕೊಟ್ಟು, 70ರ ಆಸುಪಾಸಿನ ರಸ್ತೆಗಳಿಗೆ ಮೊದಲು ದುಡ್ಡು ಹಾಕುತ್ತಾರೆ. 25 ಅಂಕದ ರಸ್ತೆಗೆ ತೇಪೆ ಹಾಕಿ ಕಾಯಿಸುತ್ತಾರೆ. ಚೆನ್ನಾಗಿರುವ ರಸ್ತೆಗೆ ಮತ್ತೆ ಡಾಂಬರು, ಹಾಳಾದದ್ದಕ್ಕೆ ತೇಪೆ! ನೋಡುವವರಿಗೆ ಅನ್ಯಾಯ ಅನಿಸುತ್ತದೆ, ಲೆಕ್ಕದಲ್ಲಿ ಅದು ಸರಿ. ಆದರೆ ಕಾಯಿಸುವುದಕ್ಕೂ ಒಂದು ಮಿತಿ ಬೇಕಲ್ವಾ? ನಿಮ್ಮ ರಸ್ತೆಯ ಅಂಕ ಎಷ್ಟು, ಯಾವ ವರ್ಷದ ಪಟ್ಟಿಯಲ್ಲಿದೆ ಅಂತ ಕೌಂಟಿಯ ಸಾರ್ವಜನಿಕ ಕಾಮಗಾರಿ ಇಲಾಖೆಯನ್ನು ಕೇಳಿ. ಪಟ್ಟಿಯಲ್ಲೇ ಇಲ್ಲ ಅಂದರೆ ನಿಮ್ಮ ದೂರಿಗೆ ಆಧಾರ ಸಿಕ್ಕಿತು.

ಮೂರನೆಯ ಸಾಧ್ಯತೆಯೊಂದಿದೆ, ಇದನ್ನು ಕೌಂಟಿಯವರು ತಾವಾಗಿ ಹೇಳುವುದಿಲ್ಲ. "ಈ ತೆರಿಗೆ ರಸ್ತೆಗೆ ಮಾತ್ರ" ಅಂತ ಕಾನೂನಿನಲ್ಲಿ ಬರೆದಿರುತ್ತಾರೆ, ಅದರಂತೆಯೇ ಖರ್ಚೂ ಮಾಡುತ್ತಾರೆ. ಆದರೆ ತೆರಿಗೆ ಬರುವ ಮೊದಲು ಸಾಮಾನ್ಯ ಬಜೆಟ್ಟಿನಿಂದ ರಸ್ತೆಗೆ ಹೋಗುತ್ತಿದ್ದ ದುಡ್ಡನ್ನು ಮೆಲ್ಲಗೆ ಬೇರೆ ಕಡೆ ತಿರುಗಿಸಿಬಿಡುತ್ತಾರೆ. ಒಂದು ಜೇಬಿಗೆ ಹಾಕಿ ಇನ್ನೊಂದು ಜೇಬಿನಿಂದ ತೆಗೆದ ಹಾಗೆ. ಕಾನೂನು ಮುರಿದಂತಲ್ಲ, ರಸ್ತೆಗೆ ಹೆಚ್ಚಿಗೆ ಏನೂ ಸಿಕ್ಕಂತೆಯೂ ಅಲ್ಲ. ನಾನು ಲೆಕ್ಕ ಪರಿಶೀಲಿಸಿದ ಒಂದು ಕಡೆ ಐದು ವರ್ಷದ ಬಜೆಟ್ಟುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಹೀಗೇ ಕಂಡಿತು. ಹೊಸ ತೆರಿಗೆಯ ಸಾಲು ಏರುತ್ತಾ ಹೋಗಿತ್ತು, ಹಳೆಯ ಸಾಲು ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತಾ ಬಂದಿತ್ತು. ನೀವೂ ನೋಡಬಹುದು, ಬಜೆಟ್ ಸಾರ್ವಜನಿಕ ದಾಖಲೆ. ಹೊಸ ಠರಾವಿನಲ್ಲಿ "ಸಾಮಾನ್ಯ ಬಜೆಟ್ಟಿನಿಂದ ರಸ್ತೆಗೆ ಈಗ ಕೊಡುವಷ್ಟನ್ನು ಕಡಿಮೆ ಮಾಡುವಂತಿಲ್ಲ" ಅನ್ನುವ ಷರತ್ತು ಇದೆಯಾ ಅಂತ ಹುಡುಕಿ.

ಬಸ್ಸಿನ ಮಾತನ್ನೂ ಒರೆಗೆ ಹಚ್ಚಿ. ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ವಾಷಿಂಗ್ಟನ್ ರಾಜ್ಯ 1944ರಲ್ಲೇ ಸಂವಿಧಾನ ತಿದ್ದುಪಡಿ ಮಾಡಿ ಇಂಧನ ತೆರಿಗೆಯನ್ನು ರಸ್ತೆಯ ಕೆಲಸಗಳಿಗೆ ಕಟ್ಟಿಹಾಕಿತು. ಒರೆಗಾನ್ ಸಂವಿಧಾನದಲ್ಲೂ ಅಂಥದೇ ನಿಯಮವಿದೆ. ಫ್ಲೋರಿಡಾದಲ್ಲಿ ಸ್ಥಳೀಯ ಇಂಧನ ತೆರಿಗೆಯಿಂದ ಬಸ್ ಓಡಿಸುವುದಕ್ಕೂ ಅವಕಾಶವಿದೆ. ನಿಮ್ಮ ರಾಜ್ಯದ ನಿಯಮ ರಸ್ತೆಗೆ ಮಾತ್ರ ಅಂತಿದ್ದರೆ, ಕರಪತ್ರದಲ್ಲಿ ಬಸ್ಸಿನ ಚಿತ್ರ ಹಾಕುವುದು ತಪ್ಪು.

ಪಕ್ಕದ ಮನೆಯ ಎಲೆಕ್ಟ್ರಿಕ್ ಕಾರು

ಅವರು ಈ ತೆರಿಗೆ ಕೊಡುವುದಿಲ್ಲ, ನಿಜ. ಆದರೆ ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಎಲೆಕ್ಟ್ರಿಕ್ ಕಾರಿನ ನೋಂದಣಿಗೆ ಪ್ರತಿ ವರ್ಷ ಹೆಚ್ಚುವರಿ ಶುಲ್ಕ ಇದೆ. ಅದರ ಬಹುಪಾಲು ಹೋಗುವುದು ರಾಜ್ಯದ ಖಜಾನೆಗೆ, ಕೌಂಟಿಗೆ ಅಲ್ಲ. ಹಾಗಾಗಿ ಕೌಂಟಿಯ ಮಟ್ಟದಲ್ಲಿ ನಿಮ್ಮ ಆಕ್ಷೇಪ ನಿಲ್ಲುತ್ತದೆ. ಆದರೆ ಇಲ್ಲಿಯವರೆಗೆ ಈ ತೆರಿಗೆಯನ್ನು ಹೆಚ್ಚು ಸವೆಸಿದ್ದು ಎಲೆಕ್ಟ್ರಿಕ್ ಕಾರುಗಳಲ್ಲ, ಹೆಚ್ಚು ಮೈಲೇಜ್ ಕೊಡುವ ಪೆಟ್ರೋಲ್ ಕಾರುಗಳು. ಅಮೆರಿಕದಲ್ಲಿ ಹೊಸ ವಾಹನಗಳ ಸರಾಸರಿ ಮೈಲೇಜ್ 2004ರಲ್ಲಿ ಗ್ಯಾಲನ್‌ಗೆ 19 ಮೈಲಿಯ ಆಸುಪಾಸು ಇತ್ತು, 2023ರಲ್ಲಿ ಎಲೆಕ್ಟ್ರಿಕ್ ಕಾರುಗಳನ್ನೂ ಸೇರಿಸಿ 27 ದಾಟಿತು. ಅದೇ 10 ಸೆಂಟ್ ಹಿಡಿದರೆ ಗ್ಯಾಲನ್‌ಗೆ 19 ಮೈಲಿ ಕೊಡುವ ಪೆಟ್ರೋಲ್ ಕಾರಿನಿಂದ ಮೈಲಿಗೆ ಅರ್ಧ ಸೆಂಟ್ ಬರುತ್ತದೆ, 27 ಕೊಡುವುದರಿಂದ 0.37 ಸೆಂಟ್. ಇದಕ್ಕೆ ಬೆಲೆಯೇರಿಕೆ ಸೇರಿಸಿ. ಫೆಡರಲ್ ಸರ್ಕಾರದ ಇಂಧನ ತೆರಿಗೆಯನ್ನೇ ನೋಡಿ. 1993ರಲ್ಲಿ ಗ್ಯಾಲನ್‌ಗೆ 18.4 ಸೆಂಟ್ ಮಾಡಿದ್ದು ಇವತ್ತಿಗೂ ಅಷ್ಟೇ ಇದೆ, ಅದರ ಕೊಳ್ಳುವ ಶಕ್ತಿ ಅರ್ಧಕ್ಕಿಂತ ಕೆಳಗೆ ಇಳಿದಿದೆ. ನಿಮ್ಮ ಕೌಂಟಿಯ 10 ಸೆಂಟಿಗೂ ಅದೇ ಗತಿ. ಹತ್ತು ವರ್ಷದ ಹಿಂದೆ ಅದರಲ್ಲಿ ಎಷ್ಟು ಮೈಲಿ ರಸ್ತೆಗೆ ಡಾಂಬರು ಹಾಕುತ್ತಿದ್ದರೋ ಈಗ ಅಷ್ಟು ಆಗುವುದಿಲ್ಲ.

"ಎಲೆಕ್ಟ್ರಿಕ್ ಕಾರು ಭಾರ, ಅದೇ ರಸ್ತೆ ಹಾಳು ಮಾಡುತ್ತೆ" ಅನ್ನುವ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ಅದು ಅಷ್ಟಾಗಿ ನಿಜವಲ್ಲ. 1950ರ ದಶಕದ ಕೊನೆಯಲ್ಲಿ ಇಲಿನಾಯ್ ರಾಜ್ಯದ ಒಟ್ಟಾವ ಊರಿನ ಹತ್ತಿರ ಪರೀಕ್ಷೆಗೆಂದೇ ರಸ್ತೆ ಕಟ್ಟಿ, ಅದರ ಮೇಲೆ ಎರಡು ವರ್ಷ ಟ್ರಕ್ಕುಗಳನ್ನು ಓಡಿಸಿ ನೋಡಿದರು. ಅದರಿಂದ ಎಂಜಿನಿಯರುಗಳು ಕಂಡುಕೊಂಡದ್ದು ಇಷ್ಟು. ಚಕ್ರಗಳ ಒಂದು ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟು. ಭಾರ ಹತ್ತು ಪಟ್ಟಾದರೆ ಹಾನಿ ಹತ್ತು ಸಾವಿರ ಪಟ್ಟು. ನಿಮ್ಮ ಕಾರಾಗಲಿ ಪಕ್ಕದ ಮನೆಯವರದಾಗಲಿ, ತುಂಬಿದ ಟ್ರಕ್ಕಿನ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಇವರೊಬ್ಬರು ಕೊಡುತ್ತಿಲ್ಲ ಅಂತ ಬೇಸರವಾದಾಗ ಟ್ರಕ್ಕಿನವರು ಎಷ್ಟು ಕೊಡುತ್ತಿದ್ದಾರೆ ಅಂತಲೂ ಕೇಳಿ. ಡೀಸೆಲ್ಲಿಗೂ ಈ ತೆರಿಗೆ ಇದೆಯಾ? ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರ ತನ್ನ ಇಂಧನ ತೆರಿಗೆಯ ಜೊತೆಗೆ ಭಾರಿ ವಾಹನಗಳಿಗೆ ಬೇರೆ ತೆರಿಗೆ ಇಟ್ಟಿತು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಬಾರದಲ್ಲ.

ಗಡಿ ದಾಟಿ ಗ್ಯಾಸ್ ಹಾಕಿಸುವವರ ವಿಷಯ ಬೇಗ ಮುಗಿಸುತ್ತೇನೆ. 12 ಗ್ಯಾಲನ್ ತುಂಬಿಸಿದರೆ ಉಳಿಯುವುದು 1 ಡಾಲರ್ 20 ಸೆಂಟ್. ಅದಕ್ಕಾಗಿಯೇ ಹೋಗಿ ಬರಲು 16 ಮೈಲಿ ಓಡಿಸಿದರೆ ನಿಮ್ಮ ಕಾರಿಗೆ 0.64 ಗ್ಯಾಲನ್ ಬೇಕು. ಗ್ಯಾಲನ್‌ಗೆ 3 ಡಾಲರ್ ಅಂದುಕೊಂಡರೂ 1 ಡಾಲರ್ 92 ಸೆಂಟ್ ಹೋಯಿತು. ಕೆಲಸಕ್ಕೆ ಹೇಗೂ ಆ ಕಡೆ ಹೋಗುವವರಿಗೆ ಮಾತ್ರ ಲಾಭ. ಆದರೆ ಗಡಿಯಲ್ಲಿರುವ ಗ್ಯಾಸ್ ಸ್ಟೇಷನ್ನಿನವರ ಕಷ್ಟ ನಿಜವಾದದ್ದು. ತೆರಿಗೆ ದೊಡ್ಡದಾದಷ್ಟೂ ಸೋರಿಕೆ ಜಾಸ್ತಿ. ಕೆನಡಾದ ವ್ಯಾಂಕೂವರ್ ಪ್ರದೇಶದಲ್ಲಿ ಸಾರಿಗೆಗೆಂದು ಲೀಟರಿಗೆ 18.5 ಸೆಂಟ್ ಇದೆ, ಅಲ್ಲಿಯ ಜನ ಪೂರ್ವದ ಊರುಗಳಿಗೆ, ಗಡಿಯಾಚೆ ಅಮೆರಿಕಕ್ಕೆ ಹೋಗಿ ತುಂಬಿಸಿಕೊಳ್ಳುವುದು ಹಳೆಯ ರೂಢಿ. ನೂರಾರು ಗ್ಯಾಲನ್ ಹಾಕಿಸುವ ಟ್ರಕ್ಕಿನವರಿಗಂತೂ ಸುತ್ತಿ ಹೋದರೂ ಗಿಟ್ಟುತ್ತದೆ. ಫ್ಲೋರಿಡಾದಲ್ಲಿ ಎಲ್ಲ 67 ಕೌಂಟಿಗಳಲ್ಲೂ ಡೀಸೆಲ್ ಮೇಲಿನ ಸ್ಥಳೀಯ ತೆರಿಗೆ ಒಂದೇ ದರದಲ್ಲಿದೆ. ಹಾಗಿದ್ದರೆ ಟ್ರಕ್ಕಿನವರಿಗೆ ಕೌಂಟಿ ಬದಲಿಸಿ ಲಾಭವಿಲ್ಲ.

ನನಗೆ ಅಳುಕು ಇರುವುದು ಎಲ್ಲಿ

10 ಸೆಂಟಿನ ಬಗ್ಗೆ ಅಲ್ಲ. "ಇನ್ನೂ ಹತ್ತು ವರ್ಷ" ಮತ್ತು "ಬಾಂಡ್" ಅನ್ನುವ ಎರಡು ಮಾತುಗಳ ಬಗ್ಗೆ.

ಕೌಂಟಿಗಳು ಮುಂದೆ ಬರಲಿರುವ ತೆರಿಗೆಯನ್ನು ತೋರಿಸಿ ಬಾಂಡ್ ಮಾರಿ ಈಗಲೇ ಸಾಲ ಪಡೆಯುತ್ತವೆ. ಸೇತುವೆ ಕಟ್ಟಬೇಕು ಅಂದರೆ ಇದು ತಪ್ಪಲ್ಲ. ಐವತ್ತು ವರ್ಷ ಬಾಳುವ ಸೇತುವೆಗೆ ಇಪ್ಪತ್ತು ವರ್ಷ ಕಂತು ಕಟ್ಟುವುದು ಮನೆ ಸಾಲದ ಹಾಗೆ. ಗುಂಡಿ ಮುಚ್ಚಲು, ಹತ್ತು ವರ್ಷವೂ ಬಾಳದ ಮೇಲ್ಪದರ ಹಾಕಲು ಇಪ್ಪತ್ತು ವರ್ಷದ ಸಾಲ ಮಾಡಿದರೆ, ರಸ್ತೆ ಹಾಳಾದ ಮೇಲೂ ಕಂತು ಕಟ್ಟುತ್ತಿರಬೇಕು. ಇನ್ನೊಂದು ತೊಂದರೆ, ಆದಾಯ ವರ್ಷ ವರ್ಷ ಕರಗುತ್ತದೆ, ಕಂತು ಕರಗುವುದಿಲ್ಲ. ಕೊನೆಯ ವರ್ಷಗಳಲ್ಲಿ ಬಂದದ್ದೆಲ್ಲ ಸಾಲಕ್ಕೇ ಹೋಗಿ ರಸ್ತೆಗೆ ಏನೂ ಉಳಿಯದ ಸ್ಥಿತಿ ಬರಬಹುದು. ಆಗ ಮತ್ತೆ ನಿಮ್ಮ ಹತ್ತಿರ ಬಂದು "ಬೇಡ ಅಂದರೆ ಸಾಲ ಯಾರು ತೀರಿಸುತ್ತಾರೆ?" ಅಂತ ಕೇಳುತ್ತಾರೆ. ಅಂಥ ಹೊತ್ತಿನಲ್ಲಿ ಮತ ಹಾಕುವವರಿಗೆ ಆಯ್ಕೆಯೇ ಇರುವುದಿಲ್ಲ.

ಪೋರ್ಟ್‌ಲ್ಯಾಂಡ್ ನಗರದ ಉದಾಹರಣೆ ನನಗೆ ಇಷ್ಟ. ಅಲ್ಲೂ ಗ್ಯಾಲನ್‌ಗೆ 10 ಸೆಂಟ್. ಆದರೆ ಒಂದು ಸಲಕ್ಕೆ ನಾಲ್ಕೇ ವರ್ಷ. 2016ರ ಮೇ ತಿಂಗಳಲ್ಲಿ ಮೊದಲ ಸಲ ಕೇಳಿದಾಗ ಒಪ್ಪಿದವರು ಶೇ 52ರಷ್ಟು ಮಾತ್ರ. ಯಾವ ರಸ್ತೆ, ಯಾವ ಫುಟ್‌ಪಾತ್, ಯಾವ ಕ್ರಾಸಿಂಗ್ ಅಂತ ಪಟ್ಟಿ ಕೊಟ್ಟಿದ್ದರು, ಲೆಕ್ಕ ನೋಡಲು ನಾಗರಿಕರ ಸಮಿತಿ ಇಟ್ಟರು. 2020ರಲ್ಲಿ ಮತ್ತೆ ಕೇಳಿದಾಗ ನಾಲ್ಕರಲ್ಲಿ ಮೂರು ಪಾಲು ಜನ ಹೂಂ ಅಂದರು. 2024ರಲ್ಲೂ ದೊಡ್ಡ ಬಹುಮತವೇ ಬಂತು. ನಾಲ್ಕು ವರ್ಷಕ್ಕೊಮ್ಮೆ ಜನರ ಮುಂದೆ ನಿಲ್ಲಬೇಕು ಅನ್ನುವ ಭಯ ಇದ್ದರೆ ಕೆಲಸ ಆಗುತ್ತದೆ.

ನ್ಯೂಜಿಲೆಂಡಿನ ಆಕ್ಲೆಂಡ್ ಇದಕ್ಕೆ ತದ್ವಿರುದ್ಧ. 2018ರ ಜುಲೈ 1ರಿಂದ ಲೀಟರಿಗೆ 10 ಸೆಂಟ್, ಜಿಎಸ್‌ಟಿ ಸೇರಿ 11.5. ಹತ್ತು ವರ್ಷ ನಡೆಯಬೇಕಿತ್ತು. ಆದರೆ ದುಡ್ಡು ಬಂದಷ್ಟು ಬೇಗ ಕೆಲಸ ಆಗಲಿಲ್ಲ, ದೊಡ್ಡ ಮೊತ್ತ ಖರ್ಚಾಗದೆ ಉಳಿಯಿತು. ದೇಶದಲ್ಲಿ ಸರ್ಕಾರ ಬದಲಾಯಿತು, 2024ರ ಜೂನ್ 30ಕ್ಕೆ ತೆರಿಗೆ ನಿಂತಿತು. ಅದನ್ನೇ ನಂಬಿದ್ದ ಯೋಜನೆಗಳಿಗೆ ಬೇರೆ ದಾರಿ ಹುಡುಕಬೇಕಾಯಿತು. ಉದ್ದದ ಗಡುವು ಇಟ್ಟ ಮಾತ್ರಕ್ಕೆ ದುಡ್ಡು ಭದ್ರ ಅಲ್ಲ.

ಬೇಡ ಅಂದರೆ ಬೇರೆ ಏನಿದೆ

ಬೇಡ ಅಂದಾಗ ರಸ್ತೆಯ ಖರ್ಚು ಮಾಯವಾಗುವುದಿಲ್ಲ, ಬೇರೆ ಬಾಗಿಲಿನಿಂದ ಬರುತ್ತದೆ. ಹೆಚ್ಚಿನ ಕಡೆ ಅದು ಮಾರಾಟ ತೆರಿಗೆ. ಲಾಸ್ ಏಂಜಲೀಸ್ ಕೌಂಟಿ 2016ರಲ್ಲಿ ಸಾರಿಗೆಗೆಂದು ಡಾಲರಿಗೆ ಅರ್ಧ ಸೆಂಟ್ ಮಾರಾಟ ತೆರಿಗೆಗೆ ಜನರ ಒಪ್ಪಿಗೆ ಪಡೆಯಿತು, ಅದಕ್ಕೆ ಗಡುವೇ ಇಲ್ಲ. ದುಡ್ಡು ತುಂಬಾ ಬರುತ್ತದೆ, ಎಲೆಕ್ಟ್ರಿಕ್ ಕಾರಿನವರೂ ಕೊಡುತ್ತಾರೆ. ಆದರೆ ಕಾರೇ ಇಲ್ಲದವರು ಮಕ್ಕಳ ಬಟ್ಟೆ ಕೊಂಡಾಗಲೂ ರಸ್ತೆಗೆ ಕೊಡಬೇಕು. ಇಂಧನ ತೆರಿಗೆಯೂ ಬಡವರ ಮೇಲೇ ಹೆಚ್ಚು ಭಾರ, ಸಂಬಳ ಕಡಿಮೆ, ಕಾರು ಹಳೆಯದು. ಆದರೂ ರಸ್ತೆ ಬಳಸಿದವರು ಕೊಡುತ್ತಾರೆ ಅನ್ನುವ ನ್ಯಾಯವಾದರೂ ಅದರಲ್ಲಿದೆ.

ಇನ್ನೊಂದು ದಾರಿ, ತೆರಿಗೆಯನ್ನು ಕಾಮಗಾರಿ ವೆಚ್ಚದ ಸೂಚ್ಯಂಕಕ್ಕೆ ಕಟ್ಟುವುದು, ಅಂದರೆ ಕೆಲಸದ ಖರ್ಚು ಏರಿದಂತೆ ತೆರಿಗೆಯೂ ತಾನಾಗಿ ಏರುವುದು. ಲಾಸ್ ವೇಗಸ್ ಇರುವ ನೆವಾಡಾದ ಕ್ಲಾರ್ಕ್ ಕೌಂಟಿ 2014ರಲ್ಲಿ ಹೀಗೆ ಶುರು ಮಾಡಿತು, 2016ರ ನವೆಂಬರಿನಲ್ಲಿ ಮತದಾರರು ಅದನ್ನು ಮುಂದುವರಿಸಲು ಒಪ್ಪಿದರು. ಬೆಲೆಯೇರಿಕೆಗೆ ಇದು ಒಳ್ಳೆಯ ಮದ್ದು. ಆದರೆ ಪ್ರತಿ ವರ್ಷದ ಏರಿಕೆಗೆ ಯಾರೂ ಕೈ ಎತ್ತಬೇಕಾಗಿಲ್ಲ, ಸುಮ್ನೆ ಏರುತ್ತಾ ಹೋಗುತ್ತದೆ. ನಿಮ್ಮ ಠರಾವಿನಲ್ಲಿ ಸೂಚ್ಯಂಕದ ಮಾತು ಎಲ್ಲಾದರೂ ನುಸುಳಿದೆಯಾ ನೋಡಿ. ಇದ್ದರೆ "ಬರೀ ಮುಂದುವರಿಕೆ" ಅನ್ನುವ ಮಾತು ಸುಳ್ಳು.

ಮುಂದಿನ ದಿನಗಳಿಗೆ ನಿಜವಾದ ದಾರಿ ಮೈಲಿ ಲೆಕ್ಕದ ಶುಲ್ಕ ಅಂತ ನನ್ನ ನಂಬಿಕೆ. ಒರೆಗಾನ್ 1919ರಲ್ಲಿ ದೇಶದಲ್ಲೇ ಮೊದಲ ಇಂಧನ ತೆರಿಗೆ ಹಾಕಿದ ರಾಜ್ಯ. ಅದೇ ರಾಜ್ಯ 2015ರ ಜುಲೈಯಲ್ಲಿ ಇಷ್ಟಪಟ್ಟು ಸೇರುವವರಿಗೆ ಮೈಲಿಗೆ 1.5 ಸೆಂಟ್ ಲೆಕ್ಕದ ಶುಲ್ಕ ಶುರು ಮಾಡಿತು. ಕಾರು ಎಲ್ಲಿ ಹೋಯಿತು ಅಂತ ತೋರಿಸದ, ಮೈಲಿ ಮಾತ್ರ ಎಣಿಸುವ ಉಪಕರಣವನ್ನೂ ಆರಿಸಿಕೊಳ್ಳಬಹುದು. ಹವಾಯಿ ರಾಜ್ಯವೂ ಎಲೆಕ್ಟ್ರಿಕ್ ಕಾರುಗಳಿಗೆ ಮೈಲಿ ಶುಲ್ಕದ ಕಾನೂನು ಮಾಡಿದೆ. ನೀವು ಈಗ ಕೌಂಟಿಗೆ ಕೊಡುತ್ತಿರುವುದು ಮೈಲಿಗೆ 0.4 ಸೆಂಟ್. ಅದೇ ದರ ಎಲ್ಲರಿಗೂ ಇದ್ದರೆ ವರ್ಷಕ್ಕೆ 12,000 ಮೈಲಿ ಓಡಿಸುವ ಪಕ್ಕದ ಮನೆಯವರು 48 ಡಾಲರ್ ಕೊಡುತ್ತಾರೆ. ಆಗ ನಿಮ್ಮಿಬ್ಬರ ಮಧ್ಯೆ ತಕರಾರೇ ಇಲ್ಲ. ಆದರೆ ಕೌಂಟಿ ಒಂದೇ ಇದನ್ನು ಮಾಡುವುದು ಕಷ್ಟ. ವಸೂಲಿಗೆ ಖರ್ಚು ಜಾಸ್ತಿ, ರಾಜ್ಯದ ಕಾನೂನೂ ಬೇಕು. ಅದು ಬರುವವರೆಗೆ ಇಂಧನ ತೆರಿಗೆ ಒಂದು ಸೇತುವೆಯ ಹಾಗೆ. ಸೇತುವೆ ಚಿಕ್ಕದಾಗಿರಲಿ ಅನ್ನುವುದು ನನ್ನ ವಾದ.

ನಾನೇ ನಿಮ್ಮ ಜಾಗದಲ್ಲಿದ್ದರೆ? ಠರಾವು ನಾಲ್ಕೈದು ವರ್ಷದ್ದಾಗಿ, ರಸ್ತೆಗಳ ಹೆಸರಿನ ಪಟ್ಟಿ ಜೊತೆಗಿದ್ದು, ಸಾಲ ಇಲ್ಲ ಅಥವಾ ಸೇತುವೆಗೆ ಮಾತ್ರ ಅಂತಿದ್ದರೆ ಯೋಚಿಸದೆ ಹೂಂ ಅನ್ನುತ್ತಿದ್ದೆ. ನಿಮ್ಮ ಮುಂದಿರುವುದು ಹತ್ತು ವರ್ಷದ್ದು. ಅದರಲ್ಲಿ ಪಟ್ಟಿ ಇದ್ದು, ಸಾಮಾನ್ಯ ಬಜೆಟ್ಟಿನ ದುಡ್ಡು ಕಡಿಮೆ ಮಾಡುವುದಿಲ್ಲ ಅನ್ನುವ ಷರತ್ತಿದ್ದು, ನಡುವೆ ಒಮ್ಮೆ ಲೆಕ್ಕ ಒಪ್ಪಿಸುವ ನಿಯಮ ಇದ್ದರೆ ಆಗಲೂ ಹೂಂ ಅನ್ನುತ್ತಿದ್ದೆ, ಸ್ವಲ್ಪ ಅಳುಕಿನಿಂದ. ಇವು ಯಾವುವೂ ಇಲ್ಲದೆ "ಸಾರಿಗೆ ಅಭಿವೃದ್ಧಿ ಮತ್ತು ಬಾಂಡ್ ಪಾವತಿಗೆ" ಅಂತ ಒಂದೇ ಸಾಲು ಬರೆದಿದ್ದರೆ ಬೇಡ ಅನ್ನುತ್ತಿದ್ದೆ. ಬೇಡ ಅಂದರೆ ಅಪಾಯವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಒಂದೆರಡು ವರ್ಷ ಬಿರುಕು ಮುಚ್ಚುವ ಕೆಲಸ ನಿಂತರೆ ಅಷ್ಟು ರಸ್ತೆಗಳು ಅಗೆಯುವ ಹಂತಕ್ಕೆ ಇಳಿಯುತ್ತವೆ. ಆ ಖರ್ಚೂ ಕೊನೆಗೆ ನಿಮ್ಮದೇ. ಹಳೇ ಸಾಲ ಬಾಕಿ ಇದ್ದರೆ ಕಂತು ಸಾಮಾನ್ಯ ಬಜೆಟ್ಟಿನ ಮೇಲೆ ಬೀಳಬಹುದು, ಗ್ರಂಥಾಲಯಕ್ಕೋ ಪಾರ್ಕಿಗೋ ಕತ್ತರಿ ಬೀಳಬಹುದು.

ಮತಪತ್ರದಲ್ಲಿ ಇರುವುದು ಠರಾವಿನ ಸಾರಾಂಶ ಮಾತ್ರ. ಪೂರ್ತಿ ಪಠ್ಯ ಕೌಂಟಿ ಕ್ಲರ್ಕ್ ಅಥವಾ ಚುನಾವಣಾ ಕಚೇರಿಯಲ್ಲಿ ಸಿಗುತ್ತದೆ. ಫೋನ್ ಮಾಡಿ ಕೇಳಿ, ಅದನ್ನು ಕೇಳುವುದು ನಿಮ್ಮ ಹಕ್ಕು. ಕಮಿಷನ್ ಸಭೆಗೆ ಹೋಗಲು ಆದರೆ ಹೋಗಿ. ಸಾರ್ವಜನಿಕರಿಗೆ ಮಾತಾಡಲು ಎರಡು ಮೂರು ನಿಮಿಷ ಕೊಡುತ್ತಾರೆ. ನಿಮ್ಮ ರಸ್ತೆಯ ಹೆಸರು ಹೇಳಿ, ಅದರ ಅಂಕ ಎಷ್ಟು, ಯಾವ ವರ್ಷ ಡಾಂಬರು ಅಂತ ಕೇಳಿ. ನಾನು ಮೇಜಿನ ಆ ಕಡೆ ಕೂತಿದ್ದ ದಿನಗಳಲ್ಲಿ, ಇಷ್ಟು ಸ್ಪಷ್ಟವಾಗಿ ಕೇಳಿದವರಿಗೆ ಉತ್ತರ ಹುಡುಕಿ ಕೊಡದೆ ನಾವು ಮನೆಗೆ ಹೋಗುತ್ತಿರಲಿಲ್ಲ.